ಭತ್ತ ಬೆಳೆದು ಬೇಳೆ ಕೊಳ್ಳುವ ಊರು

ಕೊಕ್ಕನೂರಿನ ರೈತ ಭತ್ತ ಬೆಳೆಯುತ್ತಾನೆ, ಬೇಳೆ ಕೊಳ್ಳುತ್ತಾನೆ. ಹರಿಹರ ತಾಲ್ಲೂಕಿನಲ್ಲಿ, ಮಲೇಬೆನ್ನೂರಿನ ಆಸುಪಾಸಿನಲ್ಲಿರುವ ಈ ಊರನ್ನು ಹೊರಗಿನವರು ಬಲ್ಲುದು ಹನುಮಪ್ಪನ ಗುಡಿಯಿಂದ. ಊರಿನವರ ಬದುಕು ನಿಂತಿರುವುದು ಭದ್ರಾ ನಾಲೆಯ ನೀರಿನ ಮೇಲೆ. ಲಕ್ಕವಳ್ಳಿ ಡ್ಯಾಮಿಗೆ ಇವತ್ತು ಎಷ್ಟು ಅಡಿ ನೀರು ಬಂತು ಎಂಬುದೇ ಮಳೆಗಾಲದಲ್ಲಿ ಈ ಭಾಗದ ಮೊದಲ ಸುದ್ದಿ. 186 ಅಡಿ ಮುಟ್ಟಿತೆಂದರೆ ಎರಡು ಬೆಳೆ ಭತ್ತದ ಆಸೆ ಚಿಗುರುತ್ತದೆ. ಹಾಗಾಗಿ ಮನೆಯಲ್ಲಿ ಅಕ್ಕಿಗೆ ಬರವಿಲ್ಲ. ಆ ಅಕ್ಕಿಗೆ ಜೊತೆಯಾಗಬೇಕಾದ ಬೇಳೆ, ಕಾಳು, ಎಣ್ಣೆ, ಹುಣಸೆಹಣ್ಣು, ಒಣಮೆಣಸಿನಕಾಯಿ ಎಲ್ಲವೂ ಅಂಗಡಿಯಿಂದಲೇ ಬರಬೇಕು. ದಾವಣಗೆರೆಯಲ್ಲಿ ತಿಂಗಳ ಸಂಬಳದ ಮೇಲೆ ಬದುಕುವವರ ದಿನಸಿ ಚೀಟಿಗೂ ಇಲ್ಲಿಯ ಗದ್ದೆ ಒಡೆಯನ ಚೀಟಿಗೂ ಅಕ್ಕಿಯೊಂದು ಬಿಟ್ಟರೆ ದೊಡ್ಡ ವ್ಯತ್ಯಾಸ ಉಳಿದಿಲ್ಲ.

ಚೀಟಿ ಉದ್ದವಾದಾಗೆಲ್ಲ ಯಾರಾದರೊಬ್ಬರು ಕೊಡುವ ಸಲಹೆ ಒಂದಿದೆ: ‘ಮಾಂಸ ಕಡಿಮೆ ಮಾಡಿ, ಮನೇಲೇ ಬೇಯಿಸ್ಕೊಳ್ಳಿ.’ ಸಲಹೆ ತಪ್ಪಲ್ಲ, ಅರ್ಧ ಮಾತ್ರ. ಮಾಂಸ ತೆಗೆದ ಜಾಗಕ್ಕೆ ಏನು ಬರುತ್ತದೆ ಎಂಬುದರಲ್ಲಿ ಉಳಿದರ್ಧ ಅಡಗಿದೆ. ಕೋಳಿ ಬಿಟ್ಟು ಪನೀರ್ ತಂದವರಿಗೆ ಚಿಕ್ಕಾಸೂ ಉಳಿಯುವುದಿಲ್ಲ. ಕೋಳಿ ಬಿಟ್ಟು ಬರೀ ಅನ್ನ-ತಿಳಿಸಾರಿಗೆ ಇಳಿದವರಿಗೆ ಜೇಬಿನಲ್ಲಿ ಉಳಿದದ್ದು ಮೈಯಲ್ಲಿ ಕಳೆಯುತ್ತದೆ. ಕಾಳು ತಂದವರಿಗೆ ಮಾತ್ರ ಎರಡೂ ಕಡೆ ಗಿಟ್ಟುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮಡಿ-ಮೈಲಿಗೆಯ ಪ್ರಶ್ನೆ ಇಲ್ಲ. ಕರ್ನಾಟಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮಾಂಸ ತಿನ್ನುವವರೇ. ಅವರ ಮನೆಗಳಲ್ಲೂ ವಾರದ ಹೆಚ್ಚಿನ ದಿನ ಒಲೆಯ ಮೇಲೆ ಕುದಿಯುವುದು ಕಾಳು-ಸೊಪ್ಪೇ. ಸೋಮವಾರ ‘ವಾರ’ ಎಂದು ಮಾಂಸ ಮುಟ್ಟುವುದಿಲ್ಲ, ಶನಿವಾರ ಹನುಮಪ್ಪನ ದಿನ, ಶ್ರಾವಣ ಬಂದರೆ ಇಡೀ ತಿಂಗಳು ಬಂದ್. ಉಳಿದಂತೆ ಭಾನುವಾರ, ನೆಂಟರು, ಹಬ್ಬ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಊರಿಗೆ ಊರೇ ನೆಂಟರನ್ನು ಕರೆದು ಬಾಡೂಟ ಹಾಕುತ್ತದೆ, ಅದಕ್ಕೆಂದೇ ಚೀಟಿ ಕಟ್ಟುವವರಿದ್ದಾರೆ. ಎರಡು ವರ್ಷ ಹುರುಳಿ ಸಾರು ಉಂಡು ಒಂದು ದಿನ ಕುರಿ ಕಡಿಯುವುದರಲ್ಲಿ ನನಗಂತೂ ಯಾವ ವಿರೋಧಾಭಾಸವೂ ಕಾಣುವುದಿಲ್ಲ, ಅದು ಒಳ್ಳೆಯ ಹಣಕಾಸು ನಿರ್ವಹಣೆ. ವಾರದಲ್ಲೊಂದು ದಿನ ಬಿಡಿ ಎಂದು ಸರ್ಕಾರಗಳೂ ಕೇಳಿದ್ದುಂಟು. 1965ರಲ್ಲಿ ಯುದ್ಧ ಮತ್ತು ಆಹಾರದ ಅಭಾವ ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಸೋಮವಾರ ರಾತ್ರಿ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡಿದ್ದರು. ಅದಕ್ಕೂ ಮುಂಚೆ, 1917ರಲ್ಲಿ, ಅಮೆರಿಕದ ಸರ್ಕಾರ ಮೊದಲ ಮಹಾಯುದ್ಧದ ಹೊತ್ತಿಗೆ ಮಂಗಳವಾರ ಮಾಂಸ ಬೇಡವೆಂದು ಪ್ರಚಾರ ಮಾಡಿತ್ತು. ನಮ್ಮ ‘ವಾರ’ ಇವೆರಡಕ್ಕಿಂತ ಹಳೆಯದು. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮನೆಯಲ್ಲಿ ಮಾಡುವ ಒಂದು ಊಟಕ್ಕೆ ಎಷ್ಟು ಬೀಳುತ್ತದೆ ಎಂದು ಕ್ರಿಸಿಲ್ ಸಂಸ್ಥೆ ತಿಂಗಳು ತಿಂಗಳು ಅಂದಾಜು ಕೊಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಅದರ ಪ್ರಕಾರ ಸಸ್ಯಾಹಾರಿ ತಟ್ಟೆಗೆ 33.3 ರೂಪಾಯಿ, ಮಾಂಸಾಹಾರಿ ತಟ್ಟೆಗೆ 61.6 ರೂಪಾಯಿ. ಎರಡೂ ತಟ್ಟೆಯಲ್ಲಿ ರೊಟ್ಟಿ, ಅನ್ನ, ಈರುಳ್ಳಿ-ಟೊಮೆಟೊ-ಆಲೂಗಡ್ಡೆ, ಮೊಸರು, ಸಲಾಡ್ ಒಂದೇ. ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ಅದರ ಜಾಗದಲ್ಲಿ ಬ್ರಾಯ್ಲರ್ ಕೋಳಿ. ಅಂದರೆ ಆ 28 ರೂಪಾಯಿಯ ಅಂತರ ಪೂರ್ತಿ ಬೇಳೆಗೂ ಕೋಳಿಗೂ ನಡುವಿನದು. ಅದೇ ತಿಂಗಳ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಹಿಂದಿನ ವರ್ಷಕ್ಕೆ ಹೋಲಿಸಿದರೆ ಸಸ್ಯಾಹಾರಿ ತಟ್ಟೆಯೇ ಜೋರಾಗಿ ತುಟ್ಟಿಯಾಗಿತ್ತು. ಟೊಮೆಟೊ ದರ ಎರಡು ಪಟ್ಟು ದಾಟಿತ್ತು, ಈರುಳ್ಳಿ-ಆಲೂಗಡ್ಡೆಯೂ ಏರಿದ್ದವು. ‘ಸಸ್ಯಾಹಾರ ಅಗ್ಗ’ ಎಂಬ ಮಾತನ್ನು ಟೊಮೆಟೊ ಒಂದೇ ಬುಡಮೇಲು ಮಾಡಬಲ್ಲದು.

ನಮ್ಮ ಅಡುಗೆಗೆ ಇದಕ್ಕೆ ಮದ್ದು ಗೊತ್ತಿತ್ತು. ಟೊಮೆಟೊ ನಮ್ಮ ಸಾರಿಗೆ ತಡವಾಗಿ ಬಂದ ಅತಿಥಿ. ಅದು ಬರುವ ಮುಂಚೆ ಹುಳಿಗೆ ಹುಣಸೆ ಇತ್ತು, ಪುಂಡಿ ಸೊಪ್ಪಿತ್ತು, ಮಾವಿನಕಾಯಿ ಇತ್ತು, ಮಜ್ಜಿಗೆ ಇತ್ತು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬೀಜ ಬಿಡಿಸಿ, ಉಪ್ಪು ಹಚ್ಚಿ, ಮಡಕೆಗೆ ತುಂಬಿಟ್ಟ ಹುಣಸೆಹಣ್ಣಿಗೆ ಜುಲೈ ತಿಂಗಳ ಟೊಮೆಟೊ ದರದ ಗೊಡವೆಯೇ ಇಲ್ಲ. 2023ರ ಜುಲೈ-ಆಗಸ್ಟ್‌ನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ದಾಟಿ ಕೂತಾಗ ಸಾರಿನ ರುಚಿ ಕೆಡದೆ ಉಳಿದದ್ದು ಈ ಮಡಕೆ ಇದ್ದ ಮನೆಗಳಲ್ಲೇ.

ಬೇಳೆ-ಕೋಳಿ-ಪನೀರ್ ಇವನ್ನು ಕೆ.ಜಿ. ದರದಲ್ಲಿ ಹೋಲಿಸುವುದು ಅರ್ಥವಿಲ್ಲದ ಕೆಲಸ. ಮೈಗೆ ಸಿಗುವ ಪ್ರೋಟೀನ್ ಎಷ್ಟು, ಅದಕ್ಕೆ ಕೊಟ್ಟದ್ದೆಷ್ಟು ಎಂದು ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಂತೆ ನೂರು ಗ್ರಾಂ ಒಣ ತೊಗರಿ ಬೇಳೆಯಲ್ಲಿ, ಹುರುಳಿಯಲ್ಲಿ ಹೆಚ್ಚುಕಡಿಮೆ 22 ಗ್ರಾಂ ಪ್ರೋಟೀನ್ ಇದೆ. ಹೆಸರುಬೇಳೆ, ಶೇಂಗಾದಲ್ಲಿ 24ರ ಹತ್ತಿರ. ಕೋಳಿಯ ಮಾಂಸದಲ್ಲಿ 20ರ ಆಸುಪಾಸು. ಅದರಲ್ಲೂ ಅಂಗಡಿಯವನು ತೂಗಿ ಕೊಡುವ ಒಂದು ಕೆ.ಜಿ.ಯಲ್ಲಿ ಮೂಳೆ ಕಳೆದರೆ ತಿನ್ನಲು ಸಿಗುವುದು ಮುಕ್ಕಾಲು ಪಾಲಿಗಿಂತ ಕಡಿಮೆ. ದರವನ್ನು ನಾನು ಅಂದಾಜಿಗೆ ಹಿಡಿಯುತ್ತೇನೆ, ನೀವು ನಿಮ್ಮ ಅಂಗಡಿಯದನ್ನು ಹಾಕಿಕೊಳ್ಳಿ. ಹುರುಳಿ 90, ತೊಗರಿ ಬೇಳೆ 120, ಕೋಳಿ 240, ಪನೀರ್ 400, ಕುರಿ ಮಾಂಸ 750, ಮೊಟ್ಟೆ ಒಂದಕ್ಕೆ 7 ರೂಪಾಯಿ ಎಂದಿಟ್ಟುಕೊಂಡರೆ, ಹತ್ತು ಗ್ರಾಂ ಪ್ರೋಟೀನಿಗೆ ಹುರುಳಿಯಲ್ಲಿ ನಾಲ್ಕು ರೂಪಾಯಿ ಚಿಲ್ಲರೆ, ಬೇಳೆಯಲ್ಲಿ ಐದೂವರೆ, ಮೊಟ್ಟೆಯಲ್ಲಿ ಹನ್ನೊಂದರ ಆಸುಪಾಸು, ಕೋಳಿಯಲ್ಲಿ ಹದಿನೇಳು, ಪನೀರಿನಲ್ಲಿ ಇಪ್ಪತ್ತು ದಾಟುತ್ತದೆ, ಕುರಿಯಲ್ಲಿ ಐವತ್ತು. ಮಾಂಸ ಬಿಟ್ಟೆವೆಂದು ಹೆಮ್ಮೆಯಿಂದ ಪನೀರ್ ಬಟರ್ ಮಸಾಲ ಮಾಡುವ ಮನೆ ಕೋಳಿ ಸಾರಿನ ಮನೆಗಿಂತ ಹೆಚ್ಚು ಖರ್ಚು ಮಾಡುತ್ತಿದೆ. ಮೊಟ್ಟೆಗೆ ಅಡ್ಡಿಯಿಲ್ಲದವರಿಗೆ ಮೊಟ್ಟೆ ಒಳ್ಳೆಯ ನಡುದಾರಿ.

ಕಾಳಿನ ಪ್ರೋಟೀನ್ ‘ಅರೆಬರೆ’ ಎಂಬ ಆಕ್ಷೇಪ ಇದೆ. ಕಾಳಿನಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಕಡಿಮೆ, ಲೈಸಿನ್ ಹೇರಳ. ಅಕ್ಕಿ-ಜೋಳ-ರಾಗಿಯಲ್ಲಿ ತದ್ವಿರುದ್ಧ. ರೊಟ್ಟಿಯ ಜೊತೆ ಕಾಳುಪಲ್ಯ, ಮುದ್ದೆಯ ಜೊತೆ ಹುರುಳಿ ಸಾರು ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತುಂಬಲಾಗದ ಕೊರತೆಯೊಂದಿದೆ, ಅದು ಬಿ12. ಕಾಳು-ಸೊಪ್ಪಿನಲ್ಲಿ ಅದಿಲ್ಲ. ಹಾಲು, ಮೊಸರು, ಮೊಟ್ಟೆ ಯಾವುದಾದರೊಂದು ತಟ್ಟೆಯಲ್ಲಿರಬೇಕು. ಉಳಿತಾಯದ ಹೆಸರಿನಲ್ಲಿ ಮಜ್ಜಿಗೆಗೆ ಕತ್ತರಿ ಹಾಕುವುದು ದಡ್ಡತನ.

ಹುರುಳಿಯ ವಿಷಯ ಬಂತಲ್ಲ, ಅದನ್ನು ಬೇಯಿಸುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉಳಿತಾಯದ ನಿಜವಾದ ಜಾಣ್ಮೆ ಇರುವುದು ಅಲ್ಲೇ. ಐದು ಜನರ ಮನೆಗೆ ಮುನ್ನೂರು ಗ್ರಾಂ ಹುರುಳಿ. ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು ರಾತ್ರಿಯೇ ನೆನೆಹಾಕಬೇಕು. ನೆನೆಸಿದ ಕಾಳು ಬೇಗ ಬೇಯುವುದರಿಂದ ಗ್ಯಾಸ್ ಉಳಿಯುತ್ತದೆ. ಕಾಳಿನಲ್ಲಿರುವ ಫೈಟೇಟ್ ಎಂಬ, ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ವಸ್ತುವೂ ಕಡಿಮೆಯಾಗುತ್ತದೆ. ಮಾರನೆಯ ದಿನ ನೀರು ಧಾರಾಳವಾಗಿ ಹಾಕಿ ಬೇಯಿಸಬೇಕು, ಜಿಪುಣತನ ಮಾಡಬಾರದು. ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವ ಹೊತ್ತಿಗೆ ನೀರು ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಅದನ್ನು ಬಸಿದರೆ ಕಟ್ಟು. ಬೆಂದ ಕಾಳಿನಲ್ಲಿ ಒಂದು ಹಿಡಿ ತೆಗೆದು, ಕೆಂಡದ ಮೇಲೋ ಬಾಣಲೆಯಲ್ಲೋ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ತುಸು ಕೊಬ್ಬರಿ, ಸಾರಿನ ಪುಡಿ ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಕದಡಿ, ಹುಣಸೆ ಹಿಂಡಿ ಕುದಿಸಿದರೆ ಸಾರು. ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿದರೆ ಪಲ್ಯ. ಒಂದು ಕುಕ್ಕರು, ಎರಡು ಅಡುಗೆ. ಸಾರು ಮರುದಿನ ಬಿಸಿ ಮಾಡಿದರೆ ಇನ್ನೂ ರುಚಿ. ಅದಕ್ಕೇ ನಮ್ಮ ಕಡೆ ಹುರುಳಿ ಸಾರನ್ನು ಒಂದು ಹೊತ್ತಿಗೆ ಅಳೆದು ಮಾಡುವವರು ಕಡಿಮೆ.

ಈ ಪಾತ್ರೆಯ ಕಾಳಿಗೆ ಮೇಲಿನ ದರದಲ್ಲಿ ಬಿದ್ದದ್ದು 27 ರೂಪಾಯಿ. ಮಸಾಲೆ, ಎಣ್ಣೆ, ಗ್ಯಾಸ್ ಸೇರಿಸಿ ಐವತ್ತು ಅನ್ನಿ. ತಲೆಗೆ 13 ಗ್ರಾಂ ಪ್ರೋಟೀನ್, ಜೊತೆಗೆ ಎರಡು ಜೋಳದ ರೊಟ್ಟಿ ಇದ್ದರೆ ಇನ್ನೊಂದು ಹತ್ತು-ಹನ್ನೊಂದು ಗ್ರಾಂ. ಅರವತ್ತು ಕೆ.ಜಿ. ತೂಕದವರಿಗೆ ದಿನಕ್ಕೆ ಬೇಕಾದದ್ದು ಸುಮಾರು 50 ಗ್ರಾಂ, ಕೆ.ಜಿ.ಗೆ 0.83 ಗ್ರಾಮಿನಂತೆ. ಒಂದು ಊಟದಲ್ಲಿ ಅರ್ಧ ಮುಗಿಯಿತು. ಅದೇ ಮನೆಗೆ ಮುಕ್ಕಾಲು ಕೆ.ಜಿ. ಕೋಳಿ ತಂದರೆ ತಲೆಗೆ ಇಪ್ಪತ್ತು ಗ್ರಾಂ ಸಿಗುತ್ತದೆ, ನಿಜ. ಬೆಲೆ ಬರೀ ಕೋಳಿಗೇ 180.

ಇಷ್ಟೆಲ್ಲ ಗೊತ್ತಿರುವ ಸೀಮೆಯಲ್ಲಿ ಕಾಳು ಯಾಕೆ ತಟ್ಟೆಯಿಂದ ಜಾರಿತು? ನಾಲೆ ಬರುವ ಮುಂಚೆ ಇಲ್ಲಿಯೂ ಜೋಳ, ರಾಗಿಯ ಹೊಲಗಳಿದ್ದವು, ಅವುಗಳ ನಡುವೆ ಅಕ್ಕಡಿ ಸಾಲು ಇತ್ತು. ನಾಲ್ಕಾರು ಸಾಲು ಮುಖ್ಯ ಬೆಳೆ, ನಡುವೆ ಒಂದು ಸಾಲು ತೊಗರಿ, ಅವರೆ, ಅಲಸಂದೆ, ಮಡಿಕೆ, ಹುಚ್ಚೆಳ್ಳು. ಮಾರಲಿಕ್ಕಲ್ಲ, ಮನೆಗೆ. ಆ ಸಾಲುಗಳ ಫಸಲನ್ನು ಯಾವ ಮಂಡಿಯೂ ತೂಗಲಿಲ್ಲ, ಹಾಗಾಗಿ ಅದು ಹೋದದ್ದನ್ನೂ ಯಾರೂ ಬರೆದಿಡಲಿಲ್ಲ. ಗದ್ದೆಯಲ್ಲಿ ನೀರು ನಿಂತ ಮೇಲೆ ಅಕ್ಕಡಿಗೆ ಜಾಗವಿಲ್ಲ. ಭತ್ತದಿಂದ ಬಂದ ದುಡ್ಡು ಹೆಂಚಿನ ಮನೆ, ಟ್ರ್ಯಾಕ್ಟರ್, ಮಕ್ಕಳ ಕಾಲೇಜು ಎಲ್ಲ ಕೊಟ್ಟಿತು. ನಾಲೆಯನ್ನು ಬಯ್ಯುವುದಕ್ಕೆ ನಾನು ಸಿದ್ಧನಿಲ್ಲ. ಆದರೆ ಒಂದು ಕಾಲಕ್ಕೆ ಲೆಕ್ಕಕ್ಕೇ ಇಲ್ಲದ ಖರ್ಚು ಈಗ ದಿನಸಿ ಚೀಟಿಯ ಮೊದಲ ಸಾಲಿಗೆ ಬಂದು ಕೂತಿದೆ.

ನೀರಾವರಿ ಇಲ್ಲದ ಕಡೆಯ ಕಥೆ ಇನ್ನೂ ವಿಚಿತ್ರ. ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಜೋಳದ ಜಾಗವನ್ನು ಮೆಕ್ಕೆಜೋಳ ನುಂಗಿತು. ಮೆಕ್ಕೆಜೋಳವನ್ನು ನಾವು ಉಣ್ಣುವುದಿಲ್ಲ. ಅದು ಲಾರಿ ಹತ್ತಿ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ, ಈಚೆಗೆ ಎಥೆನಾಲ್ ಘಟಕಗಳಿಗೂ. ಬ್ರಾಯ್ಲರ್ ಕೋಳಿಯ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳವೇ. ರೊಟ್ಟಿಯಾಗಿ ತಟ್ಟೆಗೆ ಬರುತ್ತಿದ್ದ ಹೊಲ ಈಗ ಸುತ್ತಾಡಿಕೊಂಡು ಕೋಳಿಯಾಗಿ ಬರುತ್ತದೆ, ದಾರಿಯಲ್ಲಿ ಕೈ ಬದಲಾಯಿಸಿದವರೆಲ್ಲರ ಪಾಲು ಕಟ್ಟಿಕೊಂಡು. 2025–26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ತೊಗರಿಗೆ 8,000. ಬೆಲೆ ಇಷ್ಟು ಮೇಲಿದ್ದರೂ ರೈತ ತೊಗರಿಗೆ ಹೊರಳುವುದಿಲ್ಲ. ಎಕರೆಗೆ ಬರುವ ಇಳುವರಿ ಮತ್ತು ಹುಳದ ಕಾಟದ ಲೆಕ್ಕ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ದೇಶದ ತೊಗರಿಗೂ ಇದೇ ಗತಿ, ಸಾಲದ್ದನ್ನು ಮೊಜಾಂಬಿಕ್ ಮತ್ತು ಮ್ಯಾನ್ಮಾರಿನಿಂದ ಹಡಗಿನಲ್ಲಿ ತರಿಸುತ್ತೇವೆ. 2024ರ ನಡುವಿನಲ್ಲಿ ತೊಗರಿ ಬೇಳೆ ಕೆ.ಜಿ.ಗೆ 160 ರೂಪಾಯಿ ಮುಟ್ಟಿದ್ದನ್ನು ಮರೆತಿಲ್ಲ ತಾನೆ? ಆಗ ಬೇಳೆಗೇ ಅಂಟಿಕೊಂಡವರು ನಲುಗಿದರು. ಹುರುಳಿ, ಅಲಸಂದೆ, ಮಡಿಕೆಕಾಳಿಗೆ ಹೊರಳಬಲ್ಲ ಅಡುಗೆಮನೆಗೆ ಅಷ್ಟು ಪೆಟ್ಟು ಬೀಳಲಿಲ್ಲ.

ಇನ್ನು ಸೋರಿಕೆಯ ಮಾತು. ಮಾಂಸದ ಖರ್ಚಿನ ಮೇಲೇ ಎಲ್ಲರ ಕಣ್ಣು, ದುಡ್ಡು ಸೋರುತ್ತಿರುವ ತೂತು ಬೇರೆ ಕಡೆ ಇದೆ. ಕೇಂದ್ರದ 2022–23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ ಮನೆಖರ್ಚಿನಲ್ಲಿ ಮೊಟ್ಟೆ-ಮೀನು-ಮಾಂಸದ ಪಾಲು ಶೇ 4.91. ಪಾನೀಯ, ತಿಂಡಿ, ಸಂಸ್ಕರಿತ ಆಹಾರದ ಪಾಲು ಶೇ 9.62. ನಗರಗಳಲ್ಲಿ ಕ್ರಮವಾಗಿ 3.57 ಮತ್ತು 10.64. ಆಹಾರದ ಬಾಬತ್ತಿನಲ್ಲೇ ದೊಡ್ಡ ಖರ್ಚು ಈ ತಿಂಡಿ-ಪಾನೀಯದ್ದು, ಹಾಲಿಗಿಂತಲೂ ದೊಡ್ಡದು. ನಮ್ಮ ಮನೆಗಳಿಗೆ ಅನ್ವಯಿಸಿ ನೋಡಿ. ವಾರಕ್ಕೆರಡು ಸಲ ಕೆ.ಜಿ. ಕೋಳಿ ತರುವ ಮನೆ ಅದನ್ನು ಒಂದಕ್ಕೆ ಇಳಿಸಿ, ಕೋಳಿ ಬಿಟ್ಟ ದಿನ ಕಾಳು ಬೇಯಿಸಿದರೆ ತಿಂಗಳಿಗೆ ಉಳಿಯುವುದು ಎಂಟುನೂರು ರೂಪಾಯಿಯ ಆಸುಪಾಸು. ಇಬ್ಬರು ಮಕ್ಕಳು ದಿನಕ್ಕೊಂದು ಹತ್ತು ರೂಪಾಯಿಯ ಕುರುಕಲು ಪೊಟ್ಟಣ ತಿಂದರೆ ಆರುನೂರು ಹೋಯಿತು. ಸಂಜೆ ಗಾಡಿ ಮುಂದೆ ಐದು ಜನ ಗೋಬಿ ಮಂಚೂರಿ ತಿಂದರೆ ಒಂದೇ ಸಲಕ್ಕೆ ಇನ್ನೂರೈವತ್ತು. ಗೋಬಿ ಶುದ್ಧ ಸಸ್ಯಾಹಾರ, ಯಾವ ಸಂಶಯವೂ ಬೇಡ.

ಬೆಣ್ಣೆದೋಸೆ ಬಿಡಿ ಎಂದು ದಾವಣಗೆರೆಯಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಮಂಡಕ್ಕಿ ನಮ್ಮೂರಿನದೇ. ಭಟ್ಟಿಯಿಂದ ಬಂದ ಮಂಡಕ್ಕಿಗೆ ಮನೆಯಲ್ಲೇ ಒಗ್ಗರಣೆ ಕೊಟ್ಟು, ಹುರಿಗಡಲೆ ಪುಡಿ, ನಾಲ್ಕು ಕಾಳು ಶೇಂಗಾ, ಹಸಿ ಈರುಳ್ಳಿ ಹಾಕಿದರೆ ಮಕ್ಕಳ ಪೊಟ್ಟಣದ ದರದಲ್ಲಿ ಮನೆಮಂದಿಯೆಲ್ಲ ತಿನ್ನಬಹುದು.

ಕೊಳ್ಳುವುದರಲ್ಲೂ ಒಂದೆರಡು ಸೂಕ್ಷ್ಮ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಹೆಸರಚೀಟಿ ಅಂಟಿಸಿದ 25 ಕೆ.ಜಿ.ವರೆಗಿನ ಬೇಳೆಕಾಳಿಗೆ ಶೇ 5 ಜಿಎಸ್‌ಟಿ ಬಿತ್ತು, ಚೀಲದಿಂದ ತೂಗಿ ಕೊಡುವ ಬಿಡಿ ಕಾಳಿಗಿಲ್ಲ. ಸೂಪರ್ ಮಾರ್ಕೆಟಿನ ಹೊಳೆಯುವ ಪೊಟ್ಟಣಕ್ಕಿಂತ ಮಂಡಿಪೇಟೆಯ ಗೋಣಿಚೀಲ ಅಗ್ಗವಾಗಲು ಇದೂ ಒಂದು ಕಾರಣ. ಬಿಡಿ ಕಾಳಿನಲ್ಲಿ ಕಲ್ಲು, ಹುಳು ನೋಡಿಕೊಳ್ಳಬೇಕು, ಅದು ಬೇರೆ ಮಾತು. ಹಳೆಯ ಕಾಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು. ಸೆಕೆಯಲ್ಲಿ ವರ್ಷಗಟ್ಟಲೆ ಕೂತ ಕಾಳು ಗಂಟೆಗಟ್ಟಲೆ ಕುದಿಸಿದರೂ ಬೇಯುವುದಿಲ್ಲ, ಬೆಲೆಯಲ್ಲಿ ಉಳಿದದ್ದು ಸಿಲಿಂಡರಿನಲ್ಲಿ ಹೋಗುತ್ತದೆ. ಎಣ್ಣೆಯ ಮೇಲೂ ಕಣ್ಣಿರಲಿ. ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುವುದು ದಿನಕ್ಕೆ ತಲೆಗೆ 27 ಗ್ರಾಂ ಎಣ್ಣೆ-ಕೊಬ್ಬು. ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಕೆ.ಜಿ. ಅದೇ ಮಾರ್ಗಸೂಚಿಯಲ್ಲಿ ಬೇಳೆಕಾಳು-ಮೊಟ್ಟೆ-ಮಾಂಸ ಸೇರಿ ದಿನಕ್ಕೆ 85 ಗ್ರಾಂ ಇರಲಿ ಎಂದಿದೆ. ಬಹುತೇಕ ಮನೆಗಳಲ್ಲಿ ಎಣ್ಣೆ ಮಿತಿ ದಾಟಿರುತ್ತದೆ, ಕಾಳು ಮಿತಿ ಮುಟ್ಟಿರುವುದಿಲ್ಲ. ಬದನೆಕಾಯಿ ಎಣ್ಣೆಗಾಯಿ ಹಬ್ಬದ ಅಡುಗೆ ಎಂದು ಒಪ್ಪಿಕೊಂಡರೆ ಅರ್ಧ ಲೀಟರು ಉಳಿಯುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಬಾಬತ್ತು ಬಾಕಿ ಇದೆ. ಮನೆಯಡುಗೆ ಅಗ್ಗ ಎಂದು ಹೇಳುವ ಎಲ್ಲ ಲೆಕ್ಕದಲ್ಲೂ, ನನ್ನದೂ ಸೇರಿ, ಹೆಂಗಸಿನ ದುಡಿಮೆಗೆ ಹಾಕಿದ ಬೆಲೆ ಸೊನ್ನೆ. ನಾಟಿ ದಿನಗಳಲ್ಲಿ ಬೆಳಿಗ್ಗೆಯಿಂದ ಗದ್ದೆಯಲ್ಲಿ ಬಾಗಿ ಸಂಜೆ ಮನೆಗೆ ಬಂದವಳಿಗೆ ಹುರುಳಿ ಆರಿಸು, ರುಬ್ಬು, ರೊಟ್ಟಿ ತಟ್ಟು ಎಂದರೆ ಅವಳು ನಮ್ಮ ಪ್ರೋಟೀನ್ ಲೆಕ್ಕವನ್ನು ಎಲ್ಲಿ ಎಸೆಯಬೇಕೋ ಅಲ್ಲಿ ಎಸೆಯುತ್ತಾಳೆ. ಅಂಗಡಿಯ ಪೊಟ್ಟಣ ಗೆದ್ದಿರುವುದು ರುಚಿಯಿಂದಲ್ಲ, ಅವಳ ದಣಿವಿನಿಂದ. ರಾತ್ರಿ ಕಾಳು ನೆನೆಹಾಕುವುದಕ್ಕೆ, ಸೊಪ್ಪು ಬಿಡಿಸುವುದಕ್ಕೆ ಗಂಡಸಿನ ಕೈಯೂ ಸಾಕು. ಅದು ನಡೆಯದ ಮನೆಯಲ್ಲಿ ಮೇಲಿನ ಯಾವ ಲೆಕ್ಕವೂ ಒಂದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ.

ಇನ್ನು ದಿನಗೂಲಿಯವರ ಸಂಕಟ ಬೇರೆ. ಸುಗ್ಗಿಯಲ್ಲಿ ವರ್ಷದ ಕಾಳುಕಡಿ ಒಟ್ಟಿಗೆ ಕೊಳ್ಳಿ ಎಂದು ಹೇಳುವುದು ಸುಲಭ. ಆ ದಿನದ ಕೂಲಿಯಲ್ಲಿ ಕಾಲು ಕೆ.ಜಿ. ಬೇಳೆ ಕಟ್ಟಿಸಿಕೊಂಡು ಹೋಗುವವರು ಅದೇ ಬೇಳೆಗೆ ಹೆಚ್ಚು ತೆರುತ್ತಾರೆ. ಅವರ ಮನೆಗೆ ಅಕ್ಕಿಯ ಚಿಂತೆಯನ್ನು 2013ರ ಜುಲೈನಲ್ಲಿ ಶುರುವಾದ ಅನ್ನಭಾಗ್ಯ ಬಹುಮಟ್ಟಿಗೆ ಕಳೆಯಿತು, ಬೇಳೆಯ ಚಿಂತೆ ಉಳಿಯಿತು. ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ‘ಇಂದಿರಾ ಕಿಟ್’ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ತಟ್ಟೆಯಲ್ಲಿ ಅನ್ನ ಗುಡ್ಡದಷ್ಟಿದ್ದು ಬೇಳೆ ತಳ ಕಾಣುತ್ತಿದೆ ಎಂಬುದನ್ನು ಸರ್ಕಾರವೂ ಕಂಡುಕೊಂಡಂತಾಯಿತು. ಆ ಕಿಟ್ಟಿನಲ್ಲಿ ಒಂದು ಕೆ.ಜಿ. ಹುರುಳಿಗೂ ಜಾಗ ಸಿಕ್ಕರೆ ನಾನು ಇನ್ನೂ ಖುಷಿಪಡುತ್ತೇನೆ. ಅದನ್ನು ಆಫ್ರಿಕಾದಿಂದ ತರಿಸಬೇಕಿಲ್ಲ.

ಕೊಕ್ಕನೂರಿನಂಥ ಊರಿಗೆ ಇನ್ನೂ ಒಂದು ದಾರಿ ಇದೆ, ಬದು. ಗದ್ದೆಯ ಒಳಗೆ ನೀರು ನಿಂತರೂ ಬದುವಿನ ಮೇಲೆ ನಿಲ್ಲುವುದಿಲ್ಲ. ಅಲ್ಲಿ ತೊಗರಿ ಊರಿ ಮನೆಗಾಗುವಷ್ಟು ಕಾಳು ತೆಗೆಯುವುದು ಭತ್ತದ ಸೀಮೆಗಳಲ್ಲಿ ಹೊಸದೇನಲ್ಲ. ಹಸಿ ಕಾಯಿ ಸಾರಿಗೆ, ಒಣಗಿದ ಕಾಳು ಬೇಳೆಗೆ, ಕಟ್ಟಿಗೆ ನೀರೊಲೆಗೆ. ಕಾಳನ್ನು ಕೆಮ್ಮಣ್ಣಿನ ನೀರಿನಲ್ಲಿ ಕದಡಿ ಒಣಗಿಸಿಟ್ಟರೆ ಹುಳು ಬೇಗ ಹತ್ತುವುದಿಲ್ಲ. ಬದುವಿಲ್ಲದ ನಾವು, ಪೇಟೆಯವರು, ಸುಗ್ಗಿಗೆ ಕಾಯಬೇಕು. ಹೊಸ ತೊಗರಿ, ಹೊಸ ಹುರುಳಿ ಮಂಡಿಗೆ ಬರುವುದು ಸಂಕ್ರಾಂತಿಯ ಆಚೀಚೆ. ಅಷ್ಟರೊಳಗೆ ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟು, ತಳಕ್ಕೆ ಹಾಕಲು ಒಂದಿಷ್ಟು ಬೇವಿನೆಲೆ ಒಣಗಿಸಿಕೊಂಡಿರಿ.